ಸಣ್ಣ ಶಾಲೆಗಳ ಅಮೆರಿಕನ್ ಫುಟ್‌ಬಾಲ್: ವರ್ಗದ ಗೆರೆ ಎಲ್ಲಿ ಎಳೆಯಬೇಕು?

ನಿಮ್ಮ ಲೀಗ್‌ನಲ್ಲಿ 60 ಮಕ್ಕಳ ಶಾಲೆ 190 ಮಕ್ಕಳ ಶಾಲೆ ಎದುರು ಪ್ರತಿ ವಾರ ಸೋಲುತ್ತಿದೆ ಅಂದರೆ, ಮಕ್ಕಳ ಸಂಖ್ಯೆ ನೋಡಿ ಶಾಲೆಗಳನ್ನು ಸ್ಪರ್ಧೆಯ ವರ್ಗಗಳಾಗಿ ವಿಂಗಡಿಸುವಾಗ ಬಹುಶಃ ನೀವು ಪ್ರತಿ ವರ್ಗಕ್ಕೂ ಸಮಸಂಖ್ಯೆಯ ಶಾಲೆಗಳನ್ನು ಹಂಚಿದ್ದೀರಿ. ಕೆಳಗಿನ ವರ್ಗದಲ್ಲಿ ಅದು ಸದಾ ಕೆಡುತ್ತದೆ: 1,500ಕ್ಕೂ 1,630ಕ್ಕೂ ವ್ಯತ್ಯಾಸವೇ ಕಾಣದು, 60ಕ್ಕೂ 190ಕ್ಕೂ ಮೂರು ಪಟ್ಟು.

ಮೊದಲು 9ರಿಂದ 11ನೇ ತರಗತಿಯ ಹುಡುಗರನ್ನು ಮಾತ್ರ ಎಣಿಸಿ. 12ನೆಯವರು ಮುಂದಿನ ಸೀಸನ್‌ಗೆ ಇರುವುದಿಲ್ಲ. ಎರಡು ವರ್ಷದ ಸರಾಸರಿ ತೆಗೆಯಿರಿ, ಇಲ್ಲದಿದ್ದರೆ ಒಂದು ದೊಡ್ಡ ಬ್ಯಾಚ್ ಬಂದರೆ ಸಾಕು, ಶಾಲೆ ವರ್ಗ ಹಾರುತ್ತದೆ. ನಂತರ ಇಳಿಕೆಯ ಕ್ರಮದಲ್ಲಿ ಬರೆದು, ಒಂದೇ ವರ್ಗದಲ್ಲಿ ಅತಿ ದೊಡ್ಡ ಶಾಲೆ ಅತಿ ಚಿಕ್ಕದರ ಎರಡು ಪಟ್ಟು ಮೀರದಂತೆ ಗೆರೆ ಎಳೆಯಿರಿ. ವರ್ಗಗಳಲ್ಲಿ ತಂಡಗಳ ಸಂಖ್ಯೆ ಏರುಪೇರಾದರೆ ಆಗಲಿ.

ಆಮೇಲೆ ಆಟದ ಸಮವಸ್ತ್ರ ತೊಟ್ಟು ಮೈದಾನಕ್ಕೆ ಬರುವವರನ್ನು ಎಣಿಸಿ. ಇದನ್ನು ದಯವಿಟ್ಟು ಬಿಡಬೇಡಿ. 16 ಹುಡುಗರಿರುವ ತಂಡ 11 ಮಂದಿಯ ಆಟ ಆಡಿದರೆ ದಾಳಿ, ರಕ್ಷಣೆ, ಕಿಕ್ ಎಲ್ಲಕ್ಕೂ ಅದೇ ಕಾಲುಗಳು. ಮೂರನೇ ಕ್ವಾರ್ಟರ್‌ನಲ್ಲಿ ಮುಂಚೂಣಿ ಸಾಲಿನಲ್ಲಿ ಎದುರಾಳಿಯನ್ನು ತಡೆಯುವ ಒಬ್ಬ ಲೈನ್‌ಮನ್‌ನ ಪಾದ ಉಳುಕಿದರೆ 14 ವರ್ಷದ ಹುಡುಗ 18 ವರ್ಷದವನ ಎದುರು ನಿಲ್ಲಬೇಕಾಗುತ್ತದೆ. 20ಕ್ಕಿಂತ ಕಡಿಮೆಯಿದ್ದರೆ ಎಂಟು ಮಂದಿಯ ಆಟ, 14ಕ್ಕಿಂತ ಕಡಿಮೆಯಿದ್ದರೆ ಆರು ಮಂದಿಯದು: 80 ಗಜ ಉದ್ದ, 40 ಗಜ ಅಗಲದ ಮೈದಾನ, ಫಸ್ಟ್ ಡೌನ್‌ಗೆ (ಚೆಂಡು ಉಳಿಸಿಕೊಂಡು ದಾಳಿ ಮುಂದುವರಿಸಲು) 15 ಗಜ, ಅರ್ಧಾವಧಿಯ ಹೊತ್ತಿಗೆ ಅಥವಾ ನಂತರ 45 ಅಂಕಗಳ ಅಂತರ ಬಂದರೆ ಪಂದ್ಯ ಮುಕ್ತಾಯ. ಈ 20, 14 ನನ್ನ ಅಂದಾಜು; ಗಾಯಗಳ ದಾಖಲೆ ನೋಡಿ ಹೊಂದಿಸಿಕೊಳ್ಳಿ.

ಎರಡು ಶಾಲೆ ಸೇರಿ ಮಾಡಿದ ಜಂಟಿ ತಂಡಕ್ಕೆ ಎರಡರ ಎಣಿಕೆಯನ್ನೂ ಪೂರ್ತಿ ಕೂಡಿಸಬೇಕೇ? ಒಂದೇ ಸರಿಯುತ್ತರವಿಲ್ಲ. ಪೂರ್ತಿ ಕೂಡಿಸಿದರೆ ನಾಲ್ಕು ಹುಡುಗರನ್ನು ಕೊಟ್ಟ ಶಾಲೆಯಿಂದಾಗಿ ತಂಡ ಮೇಲಿನ ವರ್ಗಕ್ಕೆ ಹೋಗುತ್ತದೆ. ಚಿಕ್ಕ ಶಾಲೆಯ ಅರ್ಧ ಕೂಡಿಸಿ ಶುರುಮಾಡಿ, ಆ ಲೆಕ್ಕವನ್ನು ಎರಡು ವರ್ಷ ಬದಲಿಸಬೇಡಿ.