ಕೀಬೋರ್ಡ್ ಜಾಸ್ತಿಯಾಗಿ ಹಾಡುವವರ ದನಿ ಮುಳುಗುತ್ತಿದ್ದರೆ

ಬೇಸ್ (ಮಂದ್ರ ಸ್ವರ) ನುಡಿಸುವ ನಿಮ್ಮ ಎಡಗೈಯೇ ಕಾರಣ ಇರಬೇಕು. ನೀವು ಕುಂಬಳೆ, ಮಂಜೇಶ್ವರ ಕಡೆ ಗಾನಮೇಳದಲ್ಲಿ ಕೀಬೋರ್ಡ್ ನುಡಿಸುತ್ತಿದ್ದಿರಿ, ಈಗ ಮನೆಯಲ್ಲೇ ಭಜನೆ ರೆಕಾರ್ಡ್ ಮಾಡುವಾಗ ಹಾಡುವವರ ದನಿ ಮುಳುಗುತ್ತದೆ ಅಂತ ಕೇಳಿದ್ದಿರಿ. ಸ್ಟೇಜಿನಲ್ಲಿ ಬೇಸ್, ಸ್ಟ್ರಿಂಗ್ಸ್, ಕೊಳಲು ಎಲ್ಲ ನೀವೊಬ್ಬರೇ ತುಂಬಿಸಬೇಕು. ರೆಕಾರ್ಡಿಂಗಿನಲ್ಲಿ ಅದೇ ಅಭ್ಯಾಸ ಬೇರೆಯವರ ಜಾಗ ತಿನ್ನುತ್ತದೆ.

ಮೊದಲು ಕೀಬೋರ್ಡಿನೊಳಗಿನ ರಿವರ್ಬ್ (ದೊಡ್ಡ ಹಾಲಿನಲ್ಲಿ ನುಡಿಸಿದಂಥ ಗುಂಯ್‌ಗುಡುವಿಕೆ) ಆಫ್ ಮಾಡಿ. ಆಡಿಯೋದಲ್ಲಿ ಸೇರಿಹೋದರೆ ಆಮೇಲೆ ತೆಗೆಯುವುದು ಕಷ್ಟ. ಜೊತೆಗೆ ಯುಎಸ್‌ಬಿಯಿಂದ ಮಿಡಿ (MIDI, ಅಂದರೆ ಯಾವ ಕೀ ಯಾವಾಗ ಒತ್ತಿದಿರಿ ಎಂಬ ದಾಖಲೆ) ಕೂಡ ರೆಕಾರ್ಡ್ ಮಾಡಿಕೊಳ್ಳಿ, ಬೇಡದ ಸ್ವರ ಅಳಿಸಬಹುದು.

ಬೇಸ್ ಗಿಟಾರ್ ಇರುವ ಕಡೆ ಎಡಗೈ ಬಿಟ್ಟುಬಿಡಿ. ಅದರ ಅತಿ ಮಂದ್ರ ತಂತಿ ಸುಮಾರು 41 ಹರ್ಟ್ಸ್, ಆ ಕೆಳಗಿನ ಜಾಗ ಅದಕ್ಕೇ ಇರಲಿ. ಮತ್ತೆ ಕೀಬೋರ್ಡ್ ಟ್ರ್ಯಾಕಿಗೆ ಹೈಪಾಸ್ ಫಿಲ್ಟರ್ (ಒಂದು ಮಟ್ಟಕ್ಕಿಂತ ಕೆಳಗಿನ ದನಿ ತಗ್ಗಿಸುವ ಫಿಲ್ಟರ್) ಹಾಕಿ, 120 ಹರ್ಟ್ಸ್‌ನಿಂದ ನಿಧಾನಕ್ಕೆ ಮೇಲೆ ಸರಿಸಿ. ಟೋನ್ ತೆಳುವಾಯಿತು ಅನಿಸಿದಲ್ಲಿ ಸ್ವಲ್ಪ ಹಿಂದೆ ಬನ್ನಿ. ಎಲ್ಲ ಹಾಡಿಗೂ ಒಂದೇ ಅಂಕೆ ಹೊಂದುವುದಿಲ್ಲ, ಕಿವಿಯನ್ನೇ ನಂಬಿ.

ಹಾಡುವವರು ಹಾಡುವಾಗ ಸುಮ್ನೆ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಹಿಡಿದಿರಿ. ಫಿಲ್ (ಖಾಲಿ ಜಾಗ ತುಂಬಿಸುವ ಪುಟ್ಟ ತುಣುಕು) ಏನಿದ್ದರೂ ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ. ನನ್ನ ಪ್ರಕಾರ ಯಾವ ಫಿಲ್ಟರ್‌ಗಿಂತಲೂ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ಇಷ್ಟಾದರೂ ಸರಿಯಾಗದಿದ್ದರೆ ತೊಂದರೆ ಮೈಕಿನ ಕಡೆ ಇರಬಹುದು. ಉಳಿದದ್ದೆಲ್ಲ ಮ್ಯೂಟ್ ಮಾಡಿ ದನಿ ಮಾತ್ರ ಕೇಳಿ. ಆಗಲೂ ಮಂಕಾಗಿದ್ದರೆ ಮೈಕಿನಿಂದ ಒಂದು ಗೇಣು ದೂರ ನಿಲ್ಲಿಸಿ ಮತ್ತೆ ಹಾಡಿಸಿ.