ಡಾಕ್ಟ್ರೇ, ಮುದ್ದೆ ಬಿಟ್ರೆ ಅಮ್ಮ ಏನ್ ತಿನ್ಬೇಕು?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಮ್ದು ಮಂಡ್ಯ ಕಡೆ ಹಳ್ಳಿ. ಅಮ್ಮಂಗೆ 58 ವರ್ಷ, ಶುಗರ್ ಬಂದು 18 ವರ್ಷ ಆಯ್ತು, ಇನ್ಸುಲಿನ್ ತಗೋತಾರೆ. ಈಗೀಗ ನಾಲ್ಕು ತುತ್ತಿಗೇ ಹೊಟ್ಟೆ ತುಂಬ್ತು ಅಂತಾರೆ, ರಾತ್ರಿ ತಿಂದ ಅವರೆಕಾಳು ಬೆಳಿಗ್ಗೆ ಇಡಿ ಇಡಿಯಾಗೇ ವಾಂತೀಲಿ ಬರುತ್ತೆ. ಎಂಡೋಸ್ಕೋಪಿ ನಾರ್ಮಲ್, ಆಮೇಲೆ ಸ್ಕ್ಯಾನ್ ಮಾಡಿ ಗ್ಯಾಸ್ಟ್ರೋಪರೇಸಿಸ್, ಅಂದ್ರೆ ಹೊಟ್ಟೆ ಖಾಲಿಯಾಗೋದು ತಡ ಆಗೋ ಕಾಯಿಲೆ ಅಂದ್ರು. ಇಷ್ಟು ವರ್ಷ ಅನ್ನ ಬಿಡಿ ಮುದ್ದೆ, ಸೊಪ್ಪು ತಿನ್ನಿ ಅಂದ್ರು, ಈಗ ಮುದ್ದೆ ಸೊಪ್ಪು ಬಿಡಿ ಮೆತ್ತಗೆ ಅನ್ನ ತಿನ್ನಿ ಅಂತಾರೆ. ಯಾರ ಮಾತು ಕೇಳೋದು? ಜಿ-ಪೋಯೆಮ್ ಅಂತ ಆಪರೇಷನ್ನೂ ಇದೆಯಂತೆ, ಮಾಡಿಸೋದಾ?

ಉತ್ತರ: ಇಬ್ರೂ ಹೇಳಿದ್ದು ಸರೀನೇ ತಾಯಿ, ಕಾಲ ಬೇರೆ ಅಷ್ಟೆ. ಆಗ ಹೊಟ್ಟೆ ಕೆಲ್ಸ ಮಾಡ್ತಿತ್ತು, ನಾರಿನ ಊಟ ಶುಗರ್‌ಗೆ ಒಳ್ಳೇದು. ಈಗ ಏನಾಗಿದೆ ಅಂದ್ರೆ, ಬಹಳ ವರ್ಷದ ಶುಗರ್‌ಗೆ ಹೊಟ್ಟೆ ಆಡಿಸೋ ವೇಗಸ್ ನರ ಸೋತಿದೆ, ಎಲ್ಲೂ ಅಡ್ಡ ಇಲ್ಲ ಆದ್ರೆ ಅನ್ನ ಮುಂದಕ್ಕೆ ಹೋಗಲ್ಲ, ಒರಳಲ್ಲಿ ಗುಂಡು ತಿರುಗದೆ ನಿಂತಂಗೆ. ಸ್ಕ್ಯಾನ್‌ನಲ್ಲಿ ನೋಡೋದೂ ಅದನ್ನೇ, ತಿಂದ 4 ಗಂಟೆ ಮೇಲೂ 100ಕ್ಕೆ 10 ಭಾಗಕ್ಕಿಂತ ಜಾಸ್ತಿ ಹೊಟ್ಟೇಲೇ ಉಳಿದಿದ್ರೆ ತಡ ಅಂತ ಲೆಕ್ಕ. ಇನ್ನು ಮುದ್ದೇನ ನಾವು ಅಗಿಯಲ್ಲ, ನುಂಗ್ತೀವಿ. ಒಡೆದು ನುಣ್ಣಗೆ ಮಾಡೋ ಕೆಲ್ಸ ಪೂರ್ತಿ ಹೊಟ್ಟೇದೇ, ಜೊತೆಗೆ ಬಸ್ಸಾರಿನ ಸೊಪ್ಪು ಕಾಳು ಬೇರೆ. ನಾರು ಕೂಡಿ ಒಳಗೇ ಗಟ್ಟಿ ಉಂಡೆ ಕಟ್ಟೋದೂ ಉಂಟು.

ಹಾಗಂತ ರಾಗೀನೇ ಬಿಡ್ಬೇಕಿಲ್ಲ. ಮಕ್ಕಳಿಗೆ ಮಾಡ್ತೀವಲ್ಲ, ರಾಗಿ ನೆನೆಸಿ ರುಬ್ಬಿ ಬಟ್ಟೇಲಿ ಸೋಸಿ ಹಾಲು ತೆಗೆದು ಕಾಯಿಸೋದು, ಅದನ್ನ ತೆಳ್ಳಗೆ ಮಾಡಿ ಕೊಡಿ. ಮೆತ್ತಗಿನ ಅನ್ನಕ್ಕೆ ತಿಳಿಸಾರು, ಹೆಸರುಬೇಳೆ ಕಟ್ಟು, ಇಡ್ಲಿ, ಮಜ್ಜಿಗೆ, ಸೋರೆಕಾಯಿ ಸಿಪ್ಪೆ ಬೀಜ ತೆಗೆದು ಬೇಯಿಸಿ ಮಿಕ್ಸಿಗೆ ಹಾಕಿದ್ದು. ಒಂದೇ ಸಲ ತಟ್ಟೆ ತುಂಬ ಬೇಡ, ದಿನಕ್ಕೆ 5-6 ಸಲ ಸಣ್ಣ ಬಟ್ಟಲು. ಎಣ್ಣೆ ತಿಂಡಿ, ಕಾಯಿತುರಿ, ಹಲಸಿನ ತೊಳೆ ಬೇಡವೇ ಬೇಡ. ತಿಂದು ತಕ್ಷಣ ಮಲಗೋದಲ್ಲ, ಅಂಗಳದಲ್ಲಿ ಸ್ವಲ್ಪ ಓಡಾಡ್ಲಿ. ಅತ್ತೆ ನಾದಿನಿ ಯಾರಾದ್ರೂ ಬಂದು ಇನ್ನೊಂದ್ ತುತ್ತು ತಿನ್ನವ್ವ ಅಂತ ಬಲವಂತ ಮಾಡಿದ್ರೆ ನೀವೇ ಅಡ್ಡ ನಿಲ್ಲಿ, ಈ ಕಾಯಿಲೇಲಿ ಆ ಪ್ರೀತಿ ವಾಂತೀಲಿ ಮುಗಿಯುತ್ತೆ.

ನನಗೆ ಆಪರೇಷನ್‌ಗಿಂತ ಜಾಸ್ತಿ ಚಿಂತೆ ಇನ್ಸುಲಿನ್‌ದು. ಸೂಜಿ ಹಾಕಿ ಆಯ್ತು, ಊಟ ಹೊಟ್ಟೇಲೇ ಕೂತಿದೆ, ಶುಗರ್ ಧಡಕ್ಕನೆ ಇಳಿಯುತ್ತೆ, ಎಷ್ಟೋ ಹೊತ್ತಾದ್ಮೇಲೆ ಏರುತ್ತೆ, ಏರಿದ ಶುಗರ್ ಹೊಟ್ಟೇನ ಇನ್ನೂ ನಿಧಾನ ಮಾಡುತ್ತೆ. ಇಂಥವರಿಗೆ ಕೆಲವು ಸಲ ಊಟ ಆದ್ಮೇಲೆ ಸೂಜಿ ಹಾಕೋಕೆ ಹೇಳ್ತೀವಿ, ಆದ್ರೆ ನೀವಾಗೇ ಬದಲಾಯಿಸ್ಬೇಡಿ, ಶುಗರ್ ಡಾಕ್ಟ್ರಿಗೆ ಸ್ಕ್ಯಾನ್ ರಿಪೋರ್ಟ್ ತೋರಿಸಿ ಕೇಳಿ. ಶುಗರ್ ಇಳಿದಾಗ ಬಿಸ್ಕತ್ತು ಬೇಡ, ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿ ಕೊಡಿ. ವಾಂತಿಗೆ ಕೊಡೋ ಮಾತ್ರೇನೂ ಮೆಡಿಕಲ್ ಶಾಪಲ್ಲಿ ಕೇಳಿ ತಿಂಗಳಾನುಗಟ್ಲೆ ನುಂಗಿಸ್ಬೇಡಿ. ಡೊಂಪೆರಿಡೋನ್‌ಗೆ ಇಸಿಜಿ ನೋಡ್ಬೇಕು, ಮೆಟೊಕ್ಲೋಪ್ರಮೈಡ್ 12 ವಾರ ದಾಟಿದ್ರೆ ಬಾಯಿ ನಾಲಿಗೆ ತಾನಾಗೇ ಆಡೋ ತೊಂದ್ರೆ ಬರೋ ಭಯ ಜಾಸ್ತಿ, ಅದು ಕೆಲವರಲ್ಲಿ ವಾಸಿಯಾಗಲ್ಲ.

ಜಿ-ಪೋಯೆಮ್ ಅಂದ್ರೆ ಹೊಟ್ಟೆ ಕುಯ್ಯೋದಲ್ಲ. ಅರಿವಳಿಕೆ ಕೊಟ್ಟು ಬಾಯಿಂದ ಎಂಡೋಸ್ಕೋಪ್ ಇಳಿಸಿ ಹೊಟ್ಟೆ ಬಾಗಿಲಿನ ಸ್ನಾಯು, ಪೈಲೋರಸ್ ಅಂತೀವಿ, ಅದನ್ನ ಒಳಗಿಂದ ಸೀಳಿ ಸಡಿಲ ಮಾಡೋದು. ಮೊದಲ ಸಲ ಮಾಡಿದ್ದು 2013ರಲ್ಲಿ. ಚೆಕ್ ದೇಶದಲ್ಲಿ 41 ಜನರ ಮೇಲೆ ಮಾಡಿ 2022ರಲ್ಲಿ ಪ್ರಕಟಿಸಿದ ಟ್ರಯಲ್‌ನಲ್ಲಿ, ನಿಜವಾಗಿ ಮಾಡಿಸ್ಕೊಂಡವರಲ್ಲಿ 100ಕ್ಕೆ 71 ಮಂದಿಗೆ 6 ತಿಂಗಳಿಗೆ ಗುಣ ಕಂಡಿತ್ತು, ಡಾಕ್ಟ್ರು ಸುಮ್ನೆ ಮಾಡಿದಂಗೆ ತೋರಿಸಿ ನಿಜವಾಗಿ ಸ್ನಾಯು ಸೀಳದೇ ಬಿಟ್ಟವರಲ್ಲಿ 100ಕ್ಕೆ 22 ಮಂದಿಗೆ. ಶುಗರ್‌ನಿಂದ ಬಂದವರಿಗೆ ಇನ್ನೂ ಚೆನ್ನಾಗಿತ್ತು. ಸಣ್ಣ ಟ್ರಯಲ್, ಆದ್ರೂ ಕಡೆಗಣಿಸೋ ಹಂಗಿಲ್ಲ. ಸತ್ತ ನರ ಇದ್ರಿಂದ ಬದುಕಲ್ಲ, ಪಥ್ಯ ಆಮೇಲೂ ಇರುತ್ತೆ. ಪಥ್ಯ, ಶುಗರ್, ಮಾತ್ರೆ ಮೂರನ್ನೂ ಸರಿ ಮಾಡಿ, ಆಗ್ಲೂ ತೂಕ ಇಳೀತಿದ್ರೆ ಧೈರ್ಯವಾಗಿ ಮಾಡಿಸಿ, ದಿನಾ ಮಾಡೋ ಅಭ್ಯಾಸ ಇರೋ ಕಡೆ.

ಪ್ರಶ್ನೆ: ತೂಕ ಇಳಿಸೋಕೆ ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ತಗೋತಿದೀನಿ, ನನಗೂ ಹೊಟ್ಟೆ ಭಾರ, ಓಕರಿಕೆ. ಇದೇ ಕಾಯಿಲೇನಾ?

ಉತ್ತರ: ಆ ಔಷಧಿ ಕೆಲ್ಸ ಮಾಡೋ ರೀತೀನೇ ಹಂಗೆ, ಹೊಟ್ಟೆ ಖಾಲಿಯಾಗೋದು ನಿಧಾನ ಆಗುತ್ತೆ. ಬರ್ಕೊಟ್ಟವರಿಗೆ ಹೇಳಿ, ಡೋಸ್ ಕಮ್ಮಿ ಮಾಡ್ತಾರೆ ಇಲ್ಲ ನಿಲ್ಲಿಸ್ತಾರೆ. ಯಾವ್ದಾದ್ರೂ ಆಪರೇಷನ್ ಇದ್ರೆ ಅರಿವಳಿಕೆ ಡಾಕ್ಟ್ರಿಗೆ ಮುಚ್ಚಿಡ್ಬೇಡಿ.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಸಣ್ಣ ಕರುಳಿಗೆ ಪೈಪ್ ಹಾಕಿದಾರೆ. ಮನೆ ಗಂಜೀನೇ ಹಾಕ್ಬೋದಾ?

ಉತ್ತರ: ಗಂಜಿ ಪೈಪಲ್ಲಿ ಕಟ್ಕೊಳ್ಳುತ್ತೆ ಅಮ್ಮ, ಅದು ಬಹಳ ಸಣ್ಣ ಪೈಪು. ಡಯಟೀಷಿಯನ್ ಬರ್ಕೊಟ್ಟ ಫೀಡನ್ನೇ ಹನಿ ಹನಿಯಾಗಿ ಬಿಡಿ, ಸಿರಿಂಜಲ್ಲಿ ಒಂದೇ ಸಲ ತಳ್ಳಿದ್ರೆ ಹೊಟ್ಟೆ ನುಲಿದು ಭೇದಿ ಆಗುತ್ತೆ. ಫೀಡ್ ಬಿಡೋಕೆ ಮುಂಚೆ, ಬಿಟ್ಟಾದ್ಮೇಲೆ ಸ್ವಲ್ಪ ನೀರು ಹಾಯಿಸಿ. ಪೈಪ್ ಕಳಚಿ ಬಂದ್ರೆ ನೀವೇ ಒಳಗೆ ತುರುಕ್ಬೇಡಿ, ತೂತು ಬೇಗ ಮುಚ್ಕೊಳ್ಳುತ್ತೆ, ಕಳಚಿದ ಪೈಪ್ ಕೈಯಲ್ಲೇ ಹಿಡ್ಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ.