ವಿಂಡೋಸ್ 11 ಹಾಕಿದ ಮೇಲೆ ಲ್ಯಾಪ್‌ಟಾಪ್ ಆನ್ ಆಗಲು ಇಷ್ಟು ಹೊತ್ತು ಯಾಕೆ?

ನೀವು ಕೇಳಿರುವುದು ಇಷ್ಟು. 2019ರಲ್ಲಿ ಕೊಂಡ ಲ್ಯಾಪ್‌ಟಾಪ್, 8ನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಇದ್ದಾಗ ಒಂದೂವರೆ ನಿಮಿಷದಲ್ಲಿ ಕೆಲಸ ಶುರು ಮಾಡಬಹುದಿತ್ತು. ಹೋದ ವಾರ 11ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಐದು ನಿಮಿಷವಾದರೂ ಕ್ಲಿಕ್ ಮಾಡಿದ್ದು ತೆರೆಯುವುದಿಲ್ಲ. ಅಂಗಡಿಯವರು ರ‍್ಯಾಮ್ ಜಾಸ್ತಿ ಮಾಡಿಸಿ ಅಂದಿದ್ದಾರೆ, ಗೆಳೆಯರೊಬ್ಬರು ಫಾರ್ಮ್ಯಾಟ್ ಮಾಡಿಸಿ ಅಂದಿದ್ದಾರೆ. ಯಾವುದನ್ನು ಮಾಡಿಸಲಿ ಅಂತ ನಿಮ್ಮ ಪ್ರಶ್ನೆ.

ಸದ್ಯಕ್ಕೆ ಎರಡೂ ಬೇಡ. ನನ್ನ ಅನುಮಾನವೆಲ್ಲ ಆ 1 ಟಿಬಿ ಹಾರ್ಡ್ ಡಿಸ್ಕ್ ಮೇಲಿದೆ. ಆದರೆ ಬರೀ ಅನುಮಾನ ನಂಬಿ ದುಡ್ಡು ಖರ್ಚು ಮಾಡಬೇಡಿ. ತಡ ಎಲ್ಲಿ ಆಗುತ್ತಿದೆ ಅಂತ ಮನೆಯಲ್ಲೇ ಕೂತು ಪತ್ತೆ ಮಾಡಬಹುದು, ಅದಕ್ಕೆ ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಾಗಿಲ್ಲ.

ಫೋನಿನಲ್ಲಿ ಸ್ಟಾಪ್‌ವಾಚ್ ತೆಗೆದುಕೊಳ್ಳಿ. ಪವರ್ ಬಟನ್ ಒತ್ತಿದಾಗಿನಿಂದ ಲೋಗೊ ಕೆಳಗೆ ಸುತ್ತುವ ಗುರುತು ಬರುವ ತನಕ ಒಂದು ಹಂತ. ಅಲ್ಲಿಂದ ಪಿನ್ ಕೇಳುವ ಪರದೆ ಬರುವ ತನಕ ಇನ್ನೊಂದು. ಪಿನ್ ಹಾಕಿದ ಮೇಲೆ ಬ್ರೌಸರ್ ನಿಜವಾಗಿ ತೆರೆದುಕೊಳ್ಳುವ ತನಕ ಮೂರನೆಯದು. ಮೊದಲನೆಯ ಹಂತದಲ್ಲಿ ಬಹುಪಾಲು ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ, ಅಲ್ಲಿ ಓಡುವುದು ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲೇ ಎದ್ದು ಯಂತ್ರವನ್ನು ಸಿದ್ಧ ಮಾಡುವ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್. ಎರಡನೆಯದರಲ್ಲಿ ವಿಂಡೋಸ್‌ನ ತಿರುಳಾದ ಕರ್ನಲ್, ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್‌ಗಳು, ಹಿಂದುಗಡೆ ಓಡುವ ಸರ್ವಿಸ್‌ಗಳು ಲೋಡ್ ಆಗುತ್ತವೆ. ಮೂರನೆಯದರಲ್ಲಿ ನಿಮ್ಮ ಡೆಸ್ಕ್‌ಟಾಪ್, ಅದರ ಜೊತೆ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಂಗಳು. ಮೂರರಲ್ಲಿ ಯಾವುದು ಉದ್ದವಾಗಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಒಂದಕ್ಕೆ ಮಾಡುವ ಪರಿಹಾರ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲ ಹಂತವನ್ನು ವಿಂಡೋಸೇ ಅಳೆದು ಇಟ್ಟಿರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಸ್ಟಾರ್ಟ್‌ಅಪ್ ಆಪ್ಸ್ ಪುಟದ ಮೇಲ್ಗಡೆ ಬಲಕ್ಕೆ 'ಲಾಸ್ಟ್ ಬಯೋಸ್ ಟೈಮ್' ಅಂತ ಸೆಕೆಂಡಿನಲ್ಲಿ ಇರುತ್ತದೆ. ಅದು ಕೆಲವೇ ಸೆಕೆಂಡು ಇದ್ದರೆ ಬಯೋಸ್ ಕಡೆ ತಲೆ ಹಾಕಲೇಬೇಡಿ. ತುಂಬಾ ಜಾಸ್ತಿ ಇದ್ದರೆ ಚುಚ್ಚಿಟ್ಟ ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಎಲ್ಲ ತೆಗೆದು ನೋಡಿ, ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ಬಯೋಸ್ ಅಪ್‌ಡೇಟ್ ಇದೆಯಾ ಅಂತ ಹುಡುಕಿ.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ. ವಿಂಡೋಸ್ 8 ಬಂದಾಗಿನಿಂದ 'ಶಟ್ ಡೌನ್' ಅಂದರೆ ಪೂರ್ತಿ ಆಫ್ ಅಲ್ಲ. ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಓದಿಕೊಂಡು ಏಳುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು 'ರೀಸ್ಟಾರ್ಟ್' ಕೊಟ್ಟಾಗ ಮಾತ್ರ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಸಿಪಿಯು ಅಂತ ಹೋದರೆ 'ಅಪ್ ಟೈಮ್' ಕಾಣುತ್ತದೆ. ರಾತ್ರಿ ಶಟ್ ಡೌನ್ ಮಾಡಿದ್ದರೂ ಅಲ್ಲಿ ದಿನಗಟ್ಟಲೆ ಲೆಕ್ಕ ಓಡುತ್ತಿದ್ದರೆ ಅದಕ್ಕೆ ಇದೇ ಕಾರಣ. ಈಗ ನಿಮ್ಮ ವಿಷಯಕ್ಕೆ ಬರೋಣ: 10ರಲ್ಲಿ ಈ ಸೌಲಭ್ಯ ಆನ್ ಇದ್ದು 11ರಲ್ಲಿ ಆಫ್ ಆಗಿದ್ದರೆ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಜಾಗದಲ್ಲಿ ಇದರ ಟಿಕ್ ಇರುತ್ತದೆ. ಆ ಟಿಕ್ ಕಾಣಿಸುವುದೇ ಇಲ್ಲ ಅಂದರೆ, ಸಿ ಡ್ರೈವ್‌ನಲ್ಲಿ ಜಾಗ ಉಳಿಸಲು ಯಾರೋ ಹೈಬರ್ನೇಟ್ ಆಫ್ ಮಾಡಿರಬಹುದು. ಹೀಗೆ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುವುದಕ್ಕೇ ಹೈಬರ್ನೇಟ್ ಅನ್ನುವುದು, ಅದಿಲ್ಲದೆ ಫಾಸ್ಟ್ ಸ್ಟಾರ್ಟ್‌ಅಪ್ ನಡೆಯುವುದಿಲ್ಲ. ಹೈಬರ್ನೇಟ್ ಫೈಲ್ ಮಾಮೂಲಾಗಿ ರ‍್ಯಾಮ್‌ನ 40%ರಷ್ಟು ಜಾಗ ಹಿಡಿಯುತ್ತದೆ, ನಿಮ್ಮ 8 ಜಿಬಿಗೆ ಮೂರು ಜಿಬಿ ಚಿಲ್ಲರೆ. 1 ಟಿಬಿ ಇರುವವರು ಅಷ್ಟು ಜಾಗಕ್ಕೆ ಜಿಪುಣತನ ಮಾಡಬೇಕಾಗಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕೂಡ ಇದ್ದರೆ ಮಾತ್ರ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಇರಲಿ, ಇಲ್ಲದಿದ್ದರೆ ಅರೆನಿದ್ದೆಯಲ್ಲಿರುವ ವಿಂಡೋಸ್ ಡ್ರೈವ್‌ಗೆ ಲಿನಕ್ಸ್‌ನಿಂದ ಏನೂ ಬರೆಯಲು ಆಗುವುದಿಲ್ಲ.

ಅಪ್‌ಗ್ರೇಡ್ ಆಗಿ ಒಂದೇ ವಾರ ಅಂದಿರಲ್ವಾ, ಇದಕ್ಕೂ ಒಂದು ಅರ್ಥ ಇದೆ. ಹೊಸ ವಿಂಡೋಸ್ ಬಂದ ಮೊದಲ ದಿನಗಳಲ್ಲಿ ಹಿಂದುಗಡೆ ಸಿಕ್ಕಾಪಟ್ಟೆ ಕೆಲಸ ನಡೆಯುತ್ತಿರುತ್ತದೆ. ಸರ್ಚ್‌ಗಾಗಿ ನಿಮ್ಮ ಫೈಲುಗಳ ಪಟ್ಟಿ ಮತ್ತೆ ತಯಾರಾಗುತ್ತದೆ, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಸ್ಕ್ಯಾನ್ ಮಾಡುತ್ತದೆ, ಅಪ್‌ಡೇಟ್ ಮೂಲಕ ಡ್ರೈವರ್‌ಗಳು ಇಳಿಯುತ್ತವೆ. ಜೊತೆಗೆ ವಿಂಡೋಸ್‌ಗೆ ಒಂದು ಒಳ್ಳೆಯ ಅಭ್ಯಾಸ ಇದೆ. ಶುರುವಾಗುವಾಗ ಯಾವ ಯಾವ ಫೈಲು ಯಾವ ಕ್ರಮದಲ್ಲಿ ಬೇಕಾಯಿತು ಅಂತ ಪ್ರತಿ ಸಲ ಬರೆದಿಟ್ಟುಕೊಂಡು, ಹಿಂದಿನ ಐದು ಬೂಟ್‌ಗಳ (ಅಂದರೆ ಹಿಂದೆ ಐದು ಸಲ ಶುರುವಾದಾಗಿನ) ದಾಖಲೆ ನೋಡಿ, ಮುಂದಿನ ಸಲಕ್ಕೆ ಅವನ್ನು ಮೊದಲೇ ಓದಿಡುವ ಯೋಜನೆ ಹಾಕುತ್ತದೆ. ಅಪ್‌ಗ್ರೇಡ್‌ನಲ್ಲಿ ಸಿಸ್ಟಂ ಫೈಲುಗಳೆಲ್ಲ ಹೊಸವು, ಡಿಸ್ಕಿನಲ್ಲಿ ಅವು ಕೂತ ಜಾಗವೂ ಹೊಸದು, ಹಾಗಾಗಿ ಹಳೆಯ ದಾಖಲೆಯಿಂದ ಉಪಯೋಗವಿಲ್ಲ. ಒಂದು ಸಂಜೆ ಚಾರ್ಜರ್ ಹಾಕಿ, ಸ್ಲೀಪ್ ಆಗದ ಹಾಗೆ ಇಟ್ಟು, ಸುಮ್ನೆ ಬಿಟ್ಟುಬಿಡಿ. ಬಾಕಿ ಅಪ್‌ಡೇಟ್ ಮುಗಿಸಿ ಕೆಲವು ಸಲ ರೀಸ್ಟಾರ್ಟ್ ಮಾಡಿ. ಐದು ನಿಮಿಷ ಇದ್ದದ್ದು ಇಷ್ಟಕ್ಕೇ ಇಳಿಯುವ ಸಾಧ್ಯತೆ ಇದೆ. ಯೂಟ್ಯೂಬಿನಲ್ಲಿ 'ಪ್ರೀಫೆಚ್ ಫೋಲ್ಡರ್ ಖಾಲಿ ಮಾಡಿ, ಸ್ಪೀಡ್ ಆಗುತ್ತದೆ' ಅನ್ನುವ ವಿಡಿಯೊಗಳು ಬೇಕಾದಷ್ಟಿವೆ. ದಯವಿಟ್ಟು ಮಾಡಬೇಡಿ. ನಾನು ಈಗ ಹೇಳಿದ ದಾಖಲೆ ಇರುವುದೇ ಆ ಫೋಲ್ಡರ್‌ನಲ್ಲಿ, ಅಳಿಸಿದರೆ ಮುಂದಿನ ಬೂಟ್ ಇನ್ನೂ ನಿಧಾನ. ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸ್‌ನ ಸೆಟ್ಟಿಂಗ್ ಪ್ರೋಗ್ರಾಂನಲ್ಲಿ ಪ್ರೊಸೆಸರ್ ಸಂಖ್ಯೆ ಜಾಸ್ತಿ ಮಾಡುವ ಉಪಾಯವೂ ಅಷ್ಟೇ. ಆ ಟಿಕ್ ಇರುವುದು ಪರೀಕ್ಷೆಗಾಗಿ ಪ್ರೊಸೆಸರ್ ಒಳಗಿನ ಕೋರ್‌ಗಳನ್ನು (ಲೆಕ್ಕ ಮಾಡುವ ಘಟಕಗಳನ್ನು) ಕಮ್ಮಿ ಮಾಡಲು, ಅದನ್ನು ಮುಟ್ಟದಿದ್ದರೆ ವಿಂಡೋಸ್ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ.

ಈಗ ಹಾರ್ಡ್ ಡಿಸ್ಕಿಗೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ (ತಿರುಗುವ ಹಾರ್ಡ್ ಡಿಸ್ಕ್) ಅಂತಿದೆಯಾ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಫೈಲುಗಳನ್ನು ಇಡುವ ಡ್ರೈವ್) ಅಂತಿದೆಯಾ ನೋಡಿ. ಎಚ್‌ಡಿಡಿ ಆಗಿದ್ದು, ಡೆಸ್ಕ್‌ಟಾಪ್ ಬಂದ ಮೇಲೆ ಎಷ್ಟೋ ಹೊತ್ತು 100% ತೋರಿಸುತ್ತಿದ್ದರೆ, ಸಿಪಿಯು ಮಾತ್ರ ಆರಾಮಾಗಿ ಕೂತಿದ್ದರೆ, ರೋಗ ಸಿಕ್ಕಿತು. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಜಾಗ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮುಂಚೆ ಓದುವ ಸೂಜಿ ಆ ಪಥಕ್ಕೆ ಸರಿಯಬೇಕು, ಅದಕ್ಕೆ ಇನ್ನೊಂದು 10–12 ಮಿಲಿಸೆಕೆಂಡು. ಎಲ್ಲ ಕೂಡಿಸಿದರೆ ಚದುರಿದ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ಅರವತ್ತರ ಆಸುಪಾಸು ಸಲ ಮಾತ್ರ ಹುಡುಕಿ ಓದಬಲ್ಲದು. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ಸಣ್ಣ ಓದುಗಳು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಸೂಜಿಯೂ ಇಲ್ಲ, ಒಂದು ಓದಿಗೆ 0.1 ಮಿಲಿಸೆಕೆಂಡಿನ ಹತ್ತಿರ. ನೂರು ಪಟ್ಟಿಗಿಂತ ಜಾಸ್ತಿ ಅಂತರ ಇದು. ಅಂಗಡಿಯವರು ಹೇಳಿದ ರ‍್ಯಾಮ್ ಈ ಕಾಯುವಿಕೆಯನ್ನು ಕಮ್ಮಿ ಮಾಡುವುದಿಲ್ಲ. ಆನ್ ಆದ ಕೂಡಲೇ ರ‍್ಯಾಮ್ ಖಾಲಿ, ಅದಕ್ಕೆ ಎಲ್ಲವೂ ಡಿಸ್ಕಿನಿಂದಲೇ ಬರಬೇಕು. 4 ಜಿಬಿ ಇದ್ದವರ ಕಥೆ ಬೇರೆ, ಅವರಿಗೆ ರ‍್ಯಾಮ್ ತುಂಬಿ ಮತ್ತೆ ಡಿಸ್ಕಿನ ಮೇಲೇ ಹೊರೆ ಬೀಳುತ್ತದೆ. ನಿಮಗೆ ಆನ್ ಆಗುವ ಮಟ್ಟಿಗೆ 8 ಸಾಕು.

ಹಾಗಾದರೆ ತಪ್ಪು ವಿಂಡೋಸ್ 11ರದಾ? ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಇಂಟೆಲ್‌ನಲ್ಲಾದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್, ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಭದ್ರತೆಯ ವ್ಯವಸ್ಥೆ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಷ್ಟನ್ನು ಮೈಕ್ರೋಸಾಫ್ಟ್‌ನವರು ಕೇಳಿದರು. ಎಸ್‌ಎಸ್‌ಡಿ ಇರಲೇಬೇಕು ಅಂತ ಕೇಳಲಿಲ್ಲ. ನಮ್ಮಲ್ಲಿ 2018–2020ರ ಸುಮಾರಿಗೆ ಒಳ್ಳೆಯ ಪ್ರೊಸೆಸರ್ ಜೊತೆ 1 ಟಿಬಿ ಹಾರ್ಡ್ ಡಿಸ್ಕ್ ಹಾಕಿ ಮಾರಿದ ಲ್ಯಾಪ್‌ಟಾಪ್‌ಗಳು ಮನೆಮನೆಯಲ್ಲಿವೆ. ಅವು ಪರೀಕ್ಷೆಯಲ್ಲಿ ಪಾಸಾಗುತ್ತವೆ, ಅಪ್‌ಗ್ರೇಡ್ ಮಾಡಿ ಅಂತ ಸಂದೇಶವೂ ಬರುತ್ತದೆ, ಆಮೇಲೆ ಬೆಳಿಗ್ಗೆ ಆನ್ ಮಾಡಿ ಕಾಫಿ ಕುಡಿದು ಬರಬೇಕು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಯಂತ್ರ ಚೆನ್ನಾಗೇ ಇದೆ, ಒಂದು ಭಾಗದಿಂದಾಗಿ ಜನ ಅದನ್ನು ಗುಜರಿಗೆ ಹಾಕಿ ಹೊಸದು ಕೊಳ್ಳುತ್ತಿದ್ದಾರೆ.

10ಕ್ಕೆ ವಾಪಸ್ ಹೋಗಬಹುದು, ಅಪ್‌ಗ್ರೇಡ್ ಆದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ 'ಗೋ ಬ್ಯಾಕ್' ಸಿಗುತ್ತದೆ. ಆದರೆ ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬ್ಯಾಂಕಿನ ಕೆಲಸ ಎಲ್ಲ ಅದರಲ್ಲೇ ಮಾಡುವವರಿಗೆ ನಾನು ಆ ದಾರಿ ಹೇಳುವುದಿಲ್ಲ.

ದುಡ್ಡು ಖರ್ಚಾಗುವ ಮುಂಚೆ ಸ್ಟಾರ್ಟ್‌ಅಪ್ ಆಪ್ಸ್ ಪಟ್ಟಿಯನ್ನು ಒಮ್ಮೆ ಜಾಲಾಡಿ. ಅಲ್ಲಿ 'ಹೈ' ಅಂತ ಬರೆದಿರುವುದು ಶುರುವಿನಲ್ಲಿ 1 ಸೆಕೆಂಡಿಗಿಂತ ಜಾಸ್ತಿ ಸಿಪಿಯು ಅಥವಾ 3 ಎಂಬಿಗಿಂತ ಜಾಸ್ತಿ ಡಿಸ್ಕ್ ಬಳಸುವ ಪ್ರೋಗ್ರಾಂ. ಟೀಮ್ಸ್, ಹಾಡಿನ ಆಪ್, ಗೇಮ್ ಲಾಂಚರ್, ಪ್ರಿಂಟರ್ ಜೊತೆ ಬಂದ ಸಹಾಯಕ ಪ್ರೋಗ್ರಾಂ, ಇವನ್ನೆಲ್ಲ ಡಿಸೇಬಲ್ ಮಾಡಿದರೆ ಏನೂ ನಷ್ಟವಿಲ್ಲ, ಬೇಕಾದಾಗ ನೀವೇ ತೆರೆಯಬಹುದು. ಜಿಎಸ್‌ಟಿ ಫೈಲ್ ಮಾಡಲು ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಅದರ ಪ್ರೋಗ್ರಾಂ ಇರಲಿ. ಕನ್ನಡ ಟೈಪಿಂಗ್‌ಗೆ ನುಡಿಯನ್ನೋ ಬರಹವನ್ನೋ ಶುರುವಿನಲ್ಲೇ ಓಡುವ ಹಾಗೆ ಇಟ್ಟುಕೊಂಡಿದ್ದರೆ ಅದನ್ನೂ ಬಿಡಿ, ಅವುಗಳಿಂದ ಐದು ನಿಮಿಷ ಆಗುವುದಿಲ್ಲ. ಅಕೌಂಟ್ಸ್‌ನ ಸೈನ್ ಇನ್ ಆಪ್ಷನ್ಸ್‌ನಲ್ಲಿ, ಹೋದ ಸಲ ತೆರೆದಿದ್ದ ಆಪ್‌ಗಳನ್ನು ಮತ್ತೆ ತಾನೇ ತೆರೆಯುವ ಒಂದು ಸ್ವಿಚ್ ಇದೆ, ಅದು ಆಫ್ ಇರಲಿ. ಲ್ಯಾಪ್‌ಟಾಪ್ ಜೊತೆ ಬಂದು ವಾಯಿದೆ ಮುಗಿದ ಆಂಟಿವೈರಸ್ ಇದ್ದರೆ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಡಿಫೆಂಡರ್ ತಾನಾಗಿ ಆ ಜಾಗಕ್ಕೆ ಬರುತ್ತದೆ.

ತಡ ಎರಡನೇ ಹಂತದಲ್ಲೇ ಇದ್ದರೆ, ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ಅನ್ನು ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ತೆರೆಯಿರಿ. ಅಪ್ಲಿಕೇಷನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಷನಲ್, ಹೀಗೆ ಒಂದರೊಳಗೆ ಒಂದು ಇಳಿಯಬೇಕು. ಅಲ್ಲಿ 100 ಸಂಖ್ಯೆಯ ದಾಖಲೆಯಲ್ಲಿ ಬೂಟ್‌ಗೆ ಹಿಡಿದ ಹೊತ್ತು ಮಿಲಿಸೆಕೆಂಡಿನಲ್ಲಿ ಇರುತ್ತದೆ. 101ರಿಂದ ಮುಂದಿನವು ಯಾವ ಪ್ರೋಗ್ರಾಂ, ಯಾವ ಡ್ರೈವರ್, ಯಾವ ಸರ್ವಿಸ್ ತಡ ಮಾಡಿತು ಅಂತ ಹೆಸರು ಹಿಡಿದು ಹೇಳುತ್ತವೆ. ಡ್ರೈವರ್ ಹೆಸರು ಪದೇಪದೇ ಬಂದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ವಿಂಡೋಸ್ 11ರ ಡ್ರೈವರ್ ತಂದು ಹಾಕಿ, ಡ್ರೈವರ್ ಹುಡುಕಿಕೊಡುವ ಬಿಟ್ಟಿ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಇಷ್ಟೆಲ್ಲ ಆದ ಮೇಲೂ ಡಿಸ್ಕ್ 100%ಕ್ಕೇ ಅಂಟಿಕೊಂಡಿದ್ದರೆ ಎಸ್‌ಎಸ್‌ಡಿ ಹಾಕಿಸಿ, ಹಿಂದೆ ಮುಂದೆ ನೋಡಬೇಡಿ. ನಿಮ್ಮ ಕಾಲದ ಎಷ್ಟೋ ಮಾಡೆಲ್‌ಗಳಲ್ಲಿ ಎಂ.2 ಸ್ಲಾಟ್ (ಸಣ್ಣ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ) ಖಾಲಿ ಇರುತ್ತದೆ. ಇದ್ದರೆ ಅದರಲ್ಲಿ ವಿಂಡೋಸ್‌ಗೆ ಎಸ್‌ಎಸ್‌ಡಿ ಹಾಕಿ, ಹಳೆಯ ಡಿಸ್ಕನ್ನು ಫೋಟೊ ವಿಡಿಯೊಗೆ ಇಟ್ಟುಕೊಳ್ಳಬಹುದು. ಆದರೆ ಎಸ್‌ಎಸ್‌ಡಿಯಲ್ಲಿ ಹಳೆಯ ಸಾಟಾ, ಅದಕ್ಕಿಂತ ವೇಗದ ಎನ್‌ವಿಎಂಇ ಅಂತ ಎರಡು ಬಗೆ, ಆ ಸ್ಲಾಟ್ ಸಾಟಾ ಮಾತ್ರ ಒಪ್ಪುತ್ತದಾ ಎನ್‌ವಿಎಂಇ ಒಪ್ಪುತ್ತದಾ ಅಂತ ಮಾಡೆಲ್ ನಂಬರ್ ಹಾಕಿ ಮೊದಲೇ ತಿಳಿದುಕೊಳ್ಳಿ, ನೋಡಲು ಎರಡೂ ಒಂದೇ ಥರ. ಸ್ಲಾಟ್ ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ಇರುವ ಜಾಗಕ್ಕೇ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ, ಅದೂ ಧಾರಾಳ ಸಾಕು. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಎಲ್ಲ ಸಿಗುತ್ತದೆ, ಬಿಲ್ ಮತ್ತು ವಾರಂಟಿ ಇಲ್ಲದೆ ಮಾತ್ರ ತರಬೇಡಿ. ವಿಂಡೋಸ್ ಲೈಸೆನ್ಸ್ ಹೋಗುತ್ತದೆ ಅನ್ನುವ ಭಯ ಬೇಡ. ಲ್ಯಾಪ್‌ಟಾಪ್ ಜೊತೆ ಬಂದ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಿಸಿದರೂ ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಗೆಳೆಯರು ಹೇಳಿದ ಫಾರ್ಮ್ಯಾಟ್‌ಗೆ ಸರಿಯಾದ ಸಮಯ ಆಗ. ಹೊಸ ಎಸ್‌ಎಸ್‌ಡಿಗೆ ವಿಂಡೋಸನ್ನು ಹೊಸದಾಗಿಯೇ ಹಾಕಿ, ವರ್ಷಗಳ ಕಸ ಅದರ ಜೊತೆ ಬರುವುದಿಲ್ಲ.

ಬಯೋಸ್ ಅಪ್‌ಡೇಟ್ ಆಗಲಿ, ಡಿಸ್ಕ್ ಬಿಚ್ಚುವುದಾಗಲಿ, ಅದಕ್ಕೆ ಮುಂಚೆ ಎರಡು ಕೆಲಸ ಮಾಡಿಕೊಳ್ಳಿ. ಡ್ರೈವ್ ಎನ್‌ಕ್ರಿಪ್ಟ್ ಆಗಿದೆಯಾ (ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿದೆಯಾ) ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಆಗಿದ್ದರೆ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುವ ರಿಕವರಿ ಕೀಯನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮತ್ತೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಹಾರ್ಡ್ ಡಿಸ್ಕಿನ ಆರೋಗ್ಯ ನೋಡಿ. ಅದರಲ್ಲಿ 'ಗುಡ್' ಬದಲು 'ಕಾಶನ್' ಅಂತ ಬಂದರೆ ಮೇಲೆ ಹೇಳಿದ ಯಾವುದನ್ನೂ ಈಗ ಮಾಡಬೇಡಿ. ಸಾಯುತ್ತಿರುವ ಡಿಸ್ಕ್ ಕೂಡ ಹೀಗೇ ನಿಧಾನ ಆಗುತ್ತದೆ, ಅಪ್‌ಗ್ರೇಡ್‌ನ ಹೊತ್ತಿಗೇ ಅದು ಕಾಣಿಸಿಕೊಂಡಿರಬಹುದು. ಅಂಥದ್ದನ್ನು ಪದೇಪದೇ ರೀಸ್ಟಾರ್ಟ್ ಮಾಡುತ್ತಾ ಕೂರಬಾರದು. ಮೊದಲು ಮಕ್ಕಳ ಫೋಟೊ, ಮನೆಯ ಕಾಗದಪತ್ರ ಎಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿ.

ಮೂರು ಹಂತಕ್ಕೆ ಹಿಡಿದ ಹೊತ್ತು, ಬಯೋಸ್ ಟೈಮ್, ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಇಷ್ಟನ್ನು ಕೆಳಗೆ ಬರೆಯಿರಿ, ನಿಮ್ಮದಕ್ಕೆ ಯಾವ ಎಸ್‌ಎಸ್‌ಡಿ ಕೂರುತ್ತದೆ ಅಂತ ನೋಡಿ ಹೇಳುತ್ತೇನೆ.